ಹಾಡು–ಸಿನಿಮಾಕ್ಕೆ ಒಂದು ಖಾತೆ, ದೇವರು–ರಾಜಕೀಯಕ್ಕೆ ಇನ್ನೊಂದು: ಹೀಗೆ ಬೇರೆ ಮಾಡಿ ಬರೆದರೆ ಆಗ್ತದಾ?

ಬೇಡ. ಎರಡು ಖಾತೆ ಮಾಡಬೇಡಿ.

ಉಡುಪಿಯವಳು ಅಂತ ಬರೆದಿದ್ದೀರಿ. ಸಂಗೀತ, ಸಿನಿಮಾದ ಬಗ್ಗೆ ಸ್ವಂತ ಹೆಸರಲ್ಲಿ ಬರೆದು, ಭಕ್ತಿ ಮತ್ತು ರಾಜಕೀಯವನ್ನು ಗುಪ್ತನಾಮಕ್ಕೆ ಬಿಟ್ಟರೆ ಕುಟುಂಬದ ಗ್ರೂಪಿನಲ್ಲಿರುವ ಮಾವನಿಗೂ ಬೇಸರವಿಲ್ಲ, ಗೆಳತಿಯರಿಗೂ ಇಲ್ಲ ಎಂಬುದು ನಿಮ್ಮ ಲೆಕ್ಕ. ನಾನೂ ಇದೇ ಲೆಕ್ಕ ಹಾಕಿದವನು. ಗುಪ್ತನಾಮದ ಖಾತೆ ತೆರೆಯುವ ಧೈರ್ಯ ಬರಲಿಲ್ಲ, ಹಾಡಿನ ಪುಟ ಮಾತ್ರ ನಡೆಸಿದೆ. ನನಗೆ ಹಾಡು ಕೇಳಲು ಕಲಿಸಿದವನೇ ಅದರಿಂದ ದೂರವಾದ.

ನನ್ನ ಮನೆ ಮುಲ್ಕಿ ಕಡೆ. ಪುಟದ ಮೇಲ್ಗಡೆಯೇ ‘ಇಲ್ಲಿ ಸಂಗೀತ ಮಾತ್ರ, ದೇವರು–ರಾಜಕೀಯದ ಚರ್ಚೆ ಬೇಡ’ ಅಂತ ಹಾಕಿಕೊಂಡಿದ್ದೆ. ಯಕ್ಷಗಾನದ ತೆಂಕುತಿಟ್ಟಿನ (ದಕ್ಷಿಣದ ಶೈಲಿಯ) ಭಾಗವತಿಕೆ ಅಂದರೆ ಹಾಡುಗಾರಿಕೆ, ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್, ವಿಲ್ಫಿ ರೆಬಿಂಬಸರ ಕೊಂಕಣಿ ಹಾಡು, ಅಷ್ಟಮಿ ಹುಲಿವೇಷದ ತಾಸೆ ವಾದ್ಯದ ಪೆಟ್ಟು, ಇವೆಲ್ಲ ನನ್ನಲ್ಲಿ ಎಂತ ಮಾಡುತ್ತವೆ ಅಂತ ಬರೆಯುತ್ತಿದ್ದೆ. ಓದುವವರಿದ್ದರು. ‘ನಿಮ್ಮ ಕಿವಿ ಬಹಳ ಸೂಕ್ಷ್ಮ’ ಅಂದವರೂ ಇದ್ದರು.

ಆ ಕಿವಿ ಅವನದ್ದು. ಬ್ಯಾರಿ (ಕರಾವಳಿಯ ಮುಸ್ಲಿಂ ಸಮುದಾಯದ) ಹುಡುಗ, ನನ್ನ ಶಾಲೆಯ ಜೊತೆಗಾರ. ಅವನ ಅಪ್ಪನದ್ದು ಬಳೆ, ಆಟಿಕೆಗಳ ಅಂಗಡಿ. ಜಾತ್ರೆಯಿಂದ ಜಾತ್ರೆಗೆ, ಯಕ್ಷಗಾನದ ಆಟದಿಂದ ಆಟಕ್ಕೆ ಟೆಂಪೋದಲ್ಲಿ ಹೋಗುವ ಅಂಗಡಿ. ಮೇಳದ ಆಟ ಇದ್ದ ರಾತ್ರಿ ಇವನು ರಂಗಸ್ಥಳಕ್ಕೆ ಬೆನ್ನು ಹಾಕಿ, ಗಿರಾಕಿಗಳ ಕಡೆ ಮುಖ ಮಾಡಿ ಬೆಳಗಿನ ತನಕ ಕೂರಬೇಕಿತ್ತು. ಹಾಗಾಗಿ ಯಾವ ವೇಷ ಯಾರು ಮಾಡಿದರು ಅಂತ ಅವನಿಗೆ ಗೊತ್ತಾಗುತ್ತಿರಲಿಲ್ಲ. ಪದ್ಯ ಗೊತ್ತಿತ್ತು. ಭಾಗವತರು ಎಲ್ಲಿ ಉಸಿರು ತೆಗೆದರು, ಮದ್ದಳೆಯವರು ಎಲ್ಲಿ ಕಾದರು, ಚೆಂಡೆ ಎಲ್ಲಿ ಅವಸರ ಮಾಡಿತು, ಎಲ್ಲ ಹೇಳುತ್ತಿದ್ದ. ಬಲಿಪ ನಾರಾಯಣ ಭಾಗವತರ ಏರುಶ್ರುತಿಯನ್ನು ‘ಹಳೆ ಕಾಲದ ಕಿರುಚಾಟ’ ಅಂತ ನಾನು ತಿಳಿದಿದ್ದ ವಯಸ್ಸಿನಲ್ಲಿ ಅವನು ಹೇಳಿದ್ದ: ‘ಮೈಕ್ ಇಲ್ಲದ ಗದ್ದೆಯ ಆ ತುದಿಯಲ್ಲಿ ಕೂತವನಿಗೂ ಮುಟ್ಟಬೇಕು ಅಂತ ಬೆಳೆಸಿದ ಸ್ವರ ಅದು, ಅಂಗಡಿಯಲ್ಲಿ ಕೂತು ಕೇಳು, ಗೊತ್ತಾಗ್ತದೆ.’ ಕೂತು ಕೇಳಿದೆ. ಗೊತ್ತಾಯಿತು. ಆಮೇಲೆ ಬಲಿಪರ ಪದ್ಯ ಬಂದಾಗ ನನಗೆ ಮೈ ಜುಮ್ಮೆನ್ನದ ದಿನ ಇಲ್ಲ.

ಗೋಪಾಲನಾಥರನ್ನೂ ಅವನೇ ಕೇಳಿಸಿದ್ದು. ಬಂಟ್ವಾಳದ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದ, ನಾಗಸ್ವರ ನುಡಿಸುವವರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತು, ಪಾಶ್ಚಾತ್ಯ ಬ್ಯಾಂಡಿಗಾಗಿ ಮಾಡಿದ ಕೀಲಿಗಳ ಮೇಲೆ ಗಮಕ ಹಿಡಿಸಲು ವರ್ಷಗಟ್ಟಲೆ ಒದ್ದಾಡಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಬಿಬಿಸಿಯ ಪ್ರಾಮ್ಸ್‌ನಲ್ಲಿ ನುಡಿಸಿದರು. ಈಗ ನಮ್ಮ ಕಡೆ ದೇವರ ಬಲಿ (ಉತ್ಸವಮೂರ್ತಿಯ ಮೆರವಣಿಗೆ) ಹೊರಟರೂ ಮದುವೆ ದಿಬ್ಬಣ ಬಂದರೂ ಸ್ಯಾಕ್ಸೋಫೋನ್ ಉಂಟು. ‘ಸ್ವರವನ್ನು ಜಾರಿಸುವಾಗ ಕೇಳು, ಅಲ್ಲಿ ಅಪ್ಪನ ನಾಗಸ್ವರ ಉಂಟು’ ಅಂತ ಅವನು ತೋರಿಸಿಕೊಟ್ಟಿದ್ದ. ಪುಟದಲ್ಲಿ ನಾನು ಅದನ್ನು ನನ್ನ ಮಾತಿನಂತೆಯೇ ಬರೆದೆ. ಅವನಿಗೆ ಬೇಸರವಾಗಲಿಲ್ಲ, ಖುಷಿಯಿಂದಲೇ ಹಂಚಿಕೊಂಡ.

ಇನ್ನು 2022. ಉಡುಪಿಯಲ್ಲೇ ಇದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಹಿಂದಿನ ವರ್ಷದ ಕೊನೆಗೆ ಸರ್ಕಾರಿ ಪಿಯು ಕಾಲೇಜಿನಲ್ಲಿ ಎದ್ದ ಹಿಜಾಬ್ ವಿವಾದಕ್ಕೆ ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು ಬಂತು. ತೀರ್ಪಿಗೆ ವಿರೋಧವಾಗಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಮುಚ್ಚಿದರು. ಅದರ ಬೆನ್ನಿಗೇ ಕರಾವಳಿಯ ಹಲವು ಜಾತ್ರೆಗಳಲ್ಲಿ ಅವರಿಗೆ ವ್ಯಾಪಾರಕ್ಕೆ ಅವಕಾಶವಿಲ್ಲ ಎಂಬ ಬ್ಯಾನರು ಎದ್ದವು. ನನ್ನ ಗೆಳೆಯನ ಮನೆಯವರು ಅಪ್ಪನ ಕಾಲದಿಂದ ಅಂಗಡಿ ಹಾಕುತ್ತಿದ್ದ ಒಂದು ಜಾತ್ರೆಯಲ್ಲಿ ಆ ಸಲ ಜಾಗ ಸಿಗಲಿಲ್ಲ. ಅವನು ಅದನ್ನು ನನಗೆ ಫೋನಿನಲ್ಲಿ ಹೇಳಿದ. ‘ಛೇ’ ಅಂದೆ. ಮತ್ತೆ ಬೇರೆ ಮಾತಾಡಿದೆವು.

ಅದೇ ದಿನಗಳಲ್ಲಿ ನಾನು ಮುಲ್ಕಿಯ ಬಪ್ಪನಾಡು ದುರ್ಗೆಯ ದೇವಸ್ಥಾನದ ಡೋಲಿನ ಬಗ್ಗೆ ಬರೆಯಲು ಕೂತೆ. ನೀವು ಕೇಳಿದ್ದರೆ ಗೊತ್ತು, ಆ ದೊಡ್ಡ ಡೋಲು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಚಿಕ್ಕಂದಿನಲ್ಲಿ ಅಮ್ಮನ ಕೈ ಹಿಡಿದು ನಿಂತು ಕೇಳಿದ್ದು, ಶಯನೋತ್ಸವದ ರಾಶಿ ಮಲ್ಲಿಗೆಯ ವಾಸನೆ, ಎಲ್ಲ ಬಂತು. ಬರೆಯುತ್ತಾ ಬಪ್ಪ ಬ್ಯಾರಿಯ ಕಥೆಯೂ ಬಂತು. ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಕಥೆ: ವ್ಯಾಪಾರಕ್ಕೆ ಬಂದ ಬಪ್ಪನ ದೋಣಿ ಶಾಂಭವಿ ಹೊಳೆಯಲ್ಲಿ ಸಿಕ್ಕಿಬಿತ್ತು, ನೀರು ಕೆಂಪಾಯಿತು, ರಾತ್ರಿ ಕನಸಿನಲ್ಲಿ ದುರ್ಗೆ ಬಂದು ಗುಡಿ ಕಟ್ಟಿಸು ಅಂದಳು, ಅವನು ಮುಲ್ಕಿಯ ಜೈನ ಸಾವಂತ ಅರಸರ ಸಹಾಯದಿಂದ ಕಟ್ಟಿಸಿದ. ಜಾತ್ರೆಯಲ್ಲಿ ಬಪ್ಪನ ಮನೆತನಕ್ಕೆ ಪ್ರಸಾದ ಸಲ್ಲುವ ಕ್ರಮ ಉಂಟು. ಈ ಕಥೆಯ ಕೆಳಗೆ, ಬಳೆ ಅಂಗಡಿಯ ಒಳಗೆ ಕೂತು ಡೋಲು ಕೇಳುವುದನ್ನು ನನಗೆ ಕಲಿಸಿದವನ ಬಗ್ಗೆ, ಆ ವರ್ಷ ಅವನಿಗೆ ಜಾಗ ಸಿಗದ ಬಗ್ಗೆ ಬರೆದೆ.

ಮಧ್ಯರಾತ್ರಿ ಅಷ್ಟನ್ನೂ ಅಳಿಸಿ, ಡೋಲು ಮತ್ತು ಮಲ್ಲಿಗೆ ಇಟ್ಟುಕೊಂಡು ಪೋಸ್ಟ್ ಮಾಡಿದೆ.

ತಪ್ಪು ಯಾವುದು ಅಂತ ಇಲ್ಲಿ ಬಿಡಿಸಿ ಹೇಳಬೇಕು. ಕೇಳಿದವರೆಲ್ಲ ‘ನೀನು ಬರೆದದ್ದರಲ್ಲಿ ಕೆಟ್ಟದ್ದು ಒಂದಕ್ಷರ ಇಲ್ಲವಲ್ಲ’ ಅನ್ನುತ್ತಾರೆ. ನಿಜ, ಇಲ್ಲ. ಅಳಿಸುವಾಗ ನಾನು ಹೆದರಿ ಅಳಿಸುತ್ತಿದ್ದೇನೆ ಅಂತ ನನಗೆ ಅನ್ನಿಸಲೂ ಇಲ್ಲ. ‘ನನ್ನ ಪುಟ ಸಂಗೀತದ್ದು, ಇದು ರಾಜಕೀಯ, ಇದಕ್ಕೆ ಇಲ್ಲಿ ಜಾಗವಿಲ್ಲ’ ಅಂದುಕೊಂಡೆ. ನಿಯಮ ಪಾಲಿಸಿದ ಸಮಾಧಾನದಲ್ಲಿ ಮಲಗಿದೆ. ಆದರೆ ಬಪ್ಪ ಬ್ಯಾರಿಯ ಕಥೆ ಯಾವಾಗ ರಾಜಕೀಯವಾಯಿತು? ಅದು ನನ್ನ ಅಜ್ಜಿ ಹೇಳಿದ ಭಕ್ತಿಯ ಕಥೆ. ಗೆಳೆಯನ ಅಂಗಡಿ ಯಾವಾಗ ರಾಜಕೀಯವಾಯಿತು? ನಾನು ಆ ಡೋಲನ್ನು ಕೇಳಿದ್ದೇ ಅಲ್ಲಿ ಕೂತು. ಬ್ಯಾನರು ಕಟ್ಟಿದವರು ಯಾವುದನ್ನು ಬೇರೆ ಮಾಡಿದರೋ ಅದನ್ನೇ ನಾನು ನನ್ನ ಪುಟದಲ್ಲಿ ಬೇರೆ ಮಾಡಿದ್ದೆ, ಅದೂ ಅವರು ಕೇಳದೆಯೇ. ಡೋಲಿನ ಬಗ್ಗೆ ನನಗೆ ಅನಿಸಿದ್ದು ಅಂತ ನಾನು ಪ್ರಕಟಿಸಿದ್ದು ನನಗೆ ಅನಿಸಿದ್ದೇ ಆಗಿರಲಿಲ್ಲ. ಅದರಿಂದ ಒಬ್ಬ ಮನುಷ್ಯನನ್ನು ಎಬ್ಬಿಸಿ ಕಳಿಸಿದ ಮೇಲೆ ಉಳಿದದ್ದು.

ಅದು ಅಲ್ಲಿಗೆ ಮುಗಿದಿದ್ದರೂ ಅವನು ಕ್ಷಮಿಸುತ್ತಿದ್ದನೋ ಏನೋ. ಯಾರೋ ಆ ಬರಹವನ್ನು ವಾಟ್ಸಾಪಿಗೆ ಎತ್ತಿಕೊಂಡರು. ಜಾತ್ರೆಯಲ್ಲಿ ನಮ್ಮವರು ಮಾತ್ರ ಇದ್ದರೆ ಎಂಥ ಕಳೆ ಎಂಬರ್ಥದ ಸಾಲು ಮೇಲೆ ಸೇರಿಸಿ, ಕೆಳಗೆ ನನ್ನ ಹೆಸರು ಹಾಕಿ ಹರಿಬಿಟ್ಟರು. ಮುಲ್ಕಿ, ಸುರತ್ಕಲ್, ಪಡುಬಿದ್ರಿ, ಎಲ್ಲ ಕಡೆಯ ಗ್ರೂಪುಗಳಲ್ಲಿ ತಿರುಗಿತು. ನನಗೇ ಮೂರ್ನಾಲ್ಕು ಕಡೆಯಿಂದ ವಾಪಸ್ ಬಂತು. ಒಂದು ಸಾಲು ಬರೆದು ‘ಇದು ನನ್ನ ಅಭಿಪ್ರಾಯವಲ್ಲ’ ಅನ್ನಬಹುದಿತ್ತು. ಅನ್ನಲಿಲ್ಲ. ರಾಜಕೀಯ ಬೇಡ ಎಂಬ ನಿಯಮ ಉಂಟಲ್ಲ! ಉತ್ತರ ಕೊಟ್ಟರೆ ನಿಯಮ ಮುರಿದ ಹಾಗೆ ಅಂತ ಸುಮ್ಮನೆ ಕೂತೆ. ಆ ಸುಮ್ಮನಿರುವಿಕೆಯನ್ನು ಜನ ಒಪ್ಪಿಗೆ ಅಂತಲೇ ಓದಿದರು. ಅವನೂ ಹಾಗೆಯೇ ಓದಿದ. ಅವನಿಗೆ ಬೇರೆ ರೀತಿ ಓದಲು ನಾನು ಏನು ಕೊಟ್ಟಿದ್ದೆ?

ಜಗಳ ಆಗಲಿಲ್ಲ. ಆಟದ ರಾತ್ರಿ ಅಂಗಡಿಯಿಂದ ಪದ್ಯದ ತುಣುಕು ರೆಕಾರ್ಡ್ ಮಾಡಿ ಕಳಿಸುತ್ತಿದ್ದ, ಅದು ನಿಂತಿತು. 2023ರ ಫೆಬ್ರವರಿಯಲ್ಲಿ ಬಲಿಪರು ತೀರಿಕೊಂಡಾಗ ಅವನಿಗೇ ಮೊದಲು ಮೆಸೇಜ್ ಮಾಡಿದೆ. ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ಕೊನೆಗೆ, ಅಳಿಸಿದ ಆ ಭಾಗವನ್ನು ನೆನಪಿನಿಂದ ಪುನಃ ಬರೆದು ಕಳಿಸಿದೆ. ‘ಈಗ ಯಾಕೆ?’ ಅಂತ ಕೇಳಿದ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಹಾಗಾಗಿ ನಿಮ್ಮ ‘ಸುರಕ್ಷಿತ ವಿಷಯ, ಅಪಾಯದ ವಿಷಯ’ ಎಂಬ ವಿಂಗಡಣೆಯನ್ನೇ ನಾನು ಒಪ್ಪುವುದಿಲ್ಲ. ನಮ್ಮ ಊರಲ್ಲಿ ಅದು ನಿಲ್ಲುವುದೇ ಇಲ್ಲ. ಸಿನಿಮಾ ಸುರಕ್ಷಿತ ಅಂದಿರಲ್ಲ, ನಮ್ಮ ಕಡೆಯ ದೈವಾರಾಧನೆ, ಅಂದರೆ ಭೂತಾರಾಧನೆಯ ಕಥೆಯ ‘ಕಾಂತಾರ’ವನ್ನೇ ತೆಗೆದುಕೊಳ್ಳಿ. 2022ರ ಸೆಪ್ಟೆಂಬರ್ 30ಕ್ಕೆ ಬಿಡುಗಡೆ. ಅಕ್ಟೋಬರ್ ಮುಗಿಯುವ ಮೊದಲೇ 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಅಂತ ಸರ್ಕಾರ ಘೋಷಿಸಿತು. ಭೂತಾರಾಧನೆ ಹಿಂದೂ ಸಂಸ್ಕೃತಿಯ ಭಾಗವೇ ಎಂಬ ವಾದ ಪೊಲೀಸ್ ದೂರಿನ ತನಕ ಹೋಯಿತು. ಇನ್ನೊಂದು ಕಡೆ ಜನ ದೈವದ ವೇಷ ಹಾಕಿ ಥಿಯೇಟರಿಗೆ ಬಂದರು, ಕೂಗು ಹಾಕಿ ರೀಲ್ಸ್ ಮಾಡಿದರು, ದಯವಿಟ್ಟು ಅನುಕರಣೆ ಮಾಡಬೇಡಿ ಅಂತ ದೈವಾರಾಧಕರು ಕೇಳಿಕೊಳ್ಳಬೇಕಾಯಿತು. ಒಂದೇ ಸಿನಿಮಾ. ಇದರಲ್ಲಿ ನಿಮ್ಮ ಯಾವ ಸಾಲು ಯಾವ ಖಾತೆಗೆ? ನಮ್ಮ ಮನೆಯ ದೈವಕ್ಕೆ ಕೈಮುಗಿದು ಬೆಳೆದವನಾಗಿ, ಥಿಯೇಟರಿನಲ್ಲಿ ನನಗೆ ಕಣ್ಣೀರು ಬಂದದ್ದೂ ನಿಜ. ದೈವದ ಕೋಲ ಕಟ್ಟುವ, ಅಂದರೆ ದೈವದ ವೇಷ ಧರಿಸಿ ನರ್ತಿಸುವ ನಲಿಕೆ, ಪರವ, ಪಂಬದ ಸಮುದಾಯದವರ ಎದುರು ಆ ಒಂದು ರಾತ್ರಿ ತಲೆಬಾಗುವ ಮನೆಗಳು ಮರುದಿನ ಅವರನ್ನು ಎಲ್ಲಿ ನಿಲ್ಲಿಸುತ್ತವೆ ಎಂಬ ಪ್ರಶ್ನೆ ಅದೇ ಕಣ್ಣೀರಿನ ಜೊತೆ ಬಂದದ್ದೂ ನಿಜ. ಅರ್ಧವನ್ನು ಗುಪ್ತನಾಮದಲ್ಲಿ ಬರೆದರೆ ಎರಡು ಅರ್ಧಗಳೂ ಸುಳ್ಳಾಗುತ್ತವೆ.

ಗುಪ್ತನಾಮದ ಬಗ್ಗೆ ಇನ್ನೊಂದು ಮಾತು. ಜೀವಕ್ಕೋ ಕೆಲಸಕ್ಕೋ ಅಪಾಯ ಇರುವವರು ಅದನ್ನು ಬಳಸಲಿ, ಅವರ ಬಗ್ಗೆ ನಾನು ಮಾತಾಡುತ್ತಿಲ್ಲ. ನಿಮಗಿರುವ ಭಯ ಮಾವನದ್ದು. ಹೆಸರಿಲ್ಲದೆ ಬರೆಯುವಾಗ ಭಾಷೆ ಒರಟಾಗುತ್ತದೆ, ಇದನ್ನು ನಾನು ಬೇರೆಯವರಲ್ಲಿ ಬಹಳ ನೋಡಿದ್ದೇನೆ. ನಾಳೆ ರಥಬೀದಿಯಲ್ಲಿ ಎದುರಾಗುವ ಮನುಷ್ಯ ಓದುತ್ತಾನೆ ಅಂತ ಗೊತ್ತಿದ್ದರೆ ಬೈಗುಳ ತಾನಾಗಿ ಕಡಿಮೆಯಾಗುತ್ತದೆ, ವಿಚಾರ ಮಾತ್ರ ಉಳಿಯುತ್ತದೆ.

ರಾಜಕೀಯ ಬರೆಯುವಾಗ ಅನಿಸಿದ್ದರ ಜೊತೆ ಸ್ವಲ್ಪ ಓದಿಯೂ ಬರೆಯಿರಿ. ಜಾತ್ರೆಯ ಆ ಗಲಾಟೆಯಲ್ಲಿ ಎಲ್ಲರೂ ‘ಕಾನೂನೇ ಹಾಗುಂಟು’ ಅನ್ನುತ್ತಿದ್ದರು. 1997ರ ಧಾರ್ಮಿಕ ದತ್ತಿ ಕಾಯ್ದೆಯಡಿ 2002ರಲ್ಲಿ ಮಾಡಿದ ನಿಯಮದಲ್ಲಿ, ದೇವಸ್ಥಾನದ ಆಸ್ತಿಯನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆಗೆ ಕೊಡಬಾರದು ಅಂತ ಇರುವುದು ಹೌದು. ಆದರೆ ದೇವಸ್ಥಾನದ ಆವರಣದ ಹೊರಗೆ, ಬೀದಿಯಲ್ಲಿ ಮಾರುವವರಿಗೆ ಅದು ಅನ್ವಯಿಸುವುದಿಲ್ಲ ಅಂತ ಅಂದಿನ ಕಾನೂನು ಸಚಿವರೇ ಸದನದಲ್ಲಿ ಹೇಳಿದ್ದರು. ನಾನು ಇದನ್ನೆಲ್ಲ ಹುಡುಕಿ ಓದಿದ್ದು ಎಲ್ಲ ಮುಗಿದ ಮೇಲೆ. ಆಗಲೇ ಓದಿದ್ದರೆ ‘ಛೇ’ ಅನ್ನುವ ಬದಲು ಗೆಳೆಯನ ಜೊತೆ ಸಮಿತಿಯವರ ಹತ್ತಿರ ಹೋಗಿ ಕೇಳಬಹುದಿತ್ತು.

ನಿಮ್ಮ ಮೊದಲ ಬರಹ ವಿಟ್ಲಪಿಂಡಿಯ (ಅಷ್ಟಮಿಯ ಮರುದಿನದ ಉತ್ಸವದ) ಹುಲಿವೇಷದ ಬಗ್ಗೆ ಅಂದಿದ್ದೀರಿ. ಒಳ್ಳೆಯ ಆಯ್ಕೆ. ತಾಸೆ ಕೇಳಿದಾಗ ಕಾಲು ನಿಲ್ಲುವುದಿಲ್ಲ ಅಂತ ಬರೆಯಿರಿ. ಹರಕೆ ಹೊತ್ತು ಹುಲಿ ಹಾಕಿದವರ ಮೈಯಲ್ಲಿ ಬಣ್ಣ ಹೇಗೆ ಉರಿಯುತ್ತದೆ ಅಂತ ಅವರನ್ನೇ ಕೇಳಿ ಬರೆಯಿರಿ. ತಾಸೆ ಬಡಿಯುವವರು ಯಾರು, ಅವರಿಗೆ ಎಷ್ಟು ಸಿಗುತ್ತದೆ, ಯಾವ ಅಂಗಡಿಯ ಎದುರು ಕುಣಿದರು, ಯಾವ ಪಕ್ಷದ ಫ್ಲೆಕ್ಸಿನ ಕೆಳಗೆ ನಿಂತು ನೀವು ನೋಡಿದಿರಿ, ಕೃಷ್ಣನನ್ನು ನೆನೆದಾಗ ನಿಮಗೆ ಏನಾಯಿತು, ಇದೆಲ್ಲ ಒಂದೇ ಬರಹದಲ್ಲಿ ಬರಲಿ. ಯಾರಾದರೂ ಅದಕ್ಕೆ ತಮ್ಮ ಸಾಲು ಅಂಟಿಸಿ ಹರಿಬಿಟ್ಟರೆ ಅದೇ ದಿನ, ಅದೇ ಗ್ರೂಪಿನಲ್ಲಿ, ನಿಮ್ಮ ಹೆಸರಿನಲ್ಲಿ ಉತ್ತರ ಕೊಡಿ. ಮತ್ತು ಹಾಕುವ ಮೊದಲು ಮಾವನಿಗೆ ಎದುರು ಕೂತು ಓದಿ ಹೇಳಿ. ಅವರು ಸಿಟ್ಟಾದರೆ ಅಲ್ಲೇ ವಾದ ಮಾಡಬಹುದು, ಊಟದ ಹೊತ್ತಿಗೆ ಇಬ್ಬರೂ ಒಂದೇ ಮನೆಯಲ್ಲಿ ಇರುತ್ತೀರಿ.