ಓದು ಮುಗಿಸಿದ ಅನಸ್ತೇಶಿಯಾ ಡಾಕ್ಟ್ರಿಗೆ ಮತ್ತೆ ಕ್ಲಾಸ್ ಯಾಕೆ? ಓದುಗರ ಪ್ರಶ್ನೆ, ಡಾಕ್ಟ್ರ ಉತ್ತರ

ಪ್ರಶ್ನೆ: ನಮ್ಮ ಅತ್ತೆಗೆ ಮಂಡಿ ಚಿಪ್ಪು ಬದಲಾಯಿಸೋ ಆಪರೇಷನ್‌ಗೆ ಡೇಟ್ ಕೊಟ್ಟಿದ್ರು. ನಾವೆಲ್ಲ ರಜೆ ಹಾಕಿ ರೆಡಿ ಆದ್ಮೇಲೆ, ಅನಸ್ತೇಶಿಯಾ ಡಾಕ್ಟ್ರು ಯಾವ್ದೋ ಸಿಎಂಇಗೆ (ಡಾಕ್ಟ್ರುಗಳ ಕಲಿಕೆ ಕಾರ್ಯಕ್ರಮ) ಹೋಗಿದಾರೆ, ಮುಂದಿನ ವಾರ ಬನ್ನಿ ಅಂದ್ರು. ಎಂಡಿ ಮುಗಿಸಿ ಇಷ್ಟು ವರ್ಷ ಆದ್ಮೇಲೂ ಇವ್ರು ಕಲಿಯೋದು ಏನಿರುತ್ತೆ? ಮತ್ತು ಬರಿಸೋ ಇಂಜೆಕ್ಷನ್ ಕೊಡೋದು ತಾನೆ?
— ಓದುಗರು, ಶಿವಮೊಗ್ಗ

ಉತ್ತರ: ಮೊದಲೇ ಹೇಳ್ಬೇಕಿತ್ತು, ರಜೆ ಹಾಕಿ ಕೂತವ್ರಿಗೆ ಸಿಟ್ಟು ಬರೋದು ನ್ಯಾಯವೇ. ಆದ್ರೆ ಅವ್ರು ಕಲಿಯೋಕೆ ಹೋಗಿದ್ದಕ್ಕೆ ಮಾತ್ರ ಬೇಜಾರು ಮಾಡ್ಕೋಬೇಡಿ.

ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಡಾಕ್ಟ್ರುಗಳು 5 ವರ್ಷಕ್ಕೊಮ್ಮೆ ರಿಜಿಸ್ಟ್ರೇಷನ್ ರಿನ್ಯೂ ಮಾಡಿಸ್ಬೇಕು, ಅದಕ್ಕೆ ಇಂಥ ಕಲಿಕೆಯಿಂದ ಸಿಗೋ 30 ಗಂಟೆ ಕ್ರೆಡಿಟ್ ತೋರಿಸ್ಬೇಕು. ಅಂದ್ರೆ ವರ್ಷಕ್ಕೆ 6 ಗಂಟೆ. ನಮ್ಮ ವಿಭಾಗಕ್ಕೆ ಇದು ಏನೇನೂ ಸಾಲ್ದು ಅಂತ ನನ್ನ ಗಟ್ಟಿ ಅಭಿಪ್ರಾಯ, ಯಾಕಂದ್ರೆ ಇಲ್ಲಿ ಹಳೇ ವಿದ್ಯೆ ಹಳಸೋದು ಬೇಗ, ಅದರ ಪರಿಣಾಮ ಆಗೋದು ಟೇಬಲ್ ಮೇಲೆ ಮಲಗಿರೋ ಮನುಷ್ಯನ ಮೇಲೆ.

ಮಂಡಿ ಆಪರೇಷನ್ನೇ ತಗೊಳ್ಳಿ. ಮೊದಲೆಲ್ಲ ತೊಡೆ ಸಂದಿ ಹತ್ರ ಫೀಮೊರಲ್ ನರಕ್ಕೆ ಬ್ಲಾಕ್, ಅಂದ್ರೆ ನರ ಮರಗಟ್ಟಿಸೋ ಇಂಜೆಕ್ಷನ್, ಕೊಡ್ತಿದ್ವಿ. ನೋವೇನೋ ಹೋಗ್ತಿತ್ತು, ಜೊತೆಗೆ ತೊಡೆ ಶಕ್ತಿನೂ ಹೋಗ್ತಿತ್ತು, ವಯಸ್ಸಾದವ್ರು ಬಾತ್‌ರೂಮಿಗೆ ಅಂತ ಎದ್ದು ಬೀಳೋ ಭಯ ಇರ್ತಿತ್ತು. ಈಗ ಅಲ್ಟ್ರಾಸೌಂಡ್‌ನಲ್ಲಿ ನೋಡ್ಕೊಂಡು ಇನ್ನೂ ಕೆಳಗೆ, ತೊಡೆ ಮಧ್ಯದ ಅಡಕ್ಟರ್ ಕೆನಾಲ್ ಅನ್ನೋ ಜಾಗದಲ್ಲಿ ಔಷಧಿ ಬಿಡ್ತೀವಿ, ನೋವು ತಗ್ಗುತ್ತೆ, ಕಾಲಿನ ಬಲ ಬಹುಪಾಲು ಉಳಿಯುತ್ತೆ, ಹಾಗಾಗಿ ಬೇಗ ಎಬ್ಬಿಸಿ ನಡೆಸ್ಬಹುದು. ಇದು ಪುಸ್ತಕ ಓದಿ ಬರೋ ವಿದ್ಯೆ ಅಲ್ಲ. ಪ್ರೋಬ್ ಒಂದು ಕೈಲಿ, ಸೂಜಿ ಇನ್ನೊಂದು ಕೈಲಿ, ಕಣ್ಣು ಸ್ಕ್ರೀನ್ ಮೇಲೆ, ಪಕ್ಕದಲ್ಲಿ ಬಲ್ಲವರು ನಿಂತು ತಿದ್ದಿದ್ರೇನೇ ಬರೋದು.

ಇನ್ನೊಂದು, ಇದು ಜೀವದ ಮಾತು. ಹೀಗೆ ಮರಗಟ್ಟಿಸೋಕೆ ಬಳಸೋ ಬುಪಿವಕೇನ್ ಅಕಸ್ಮಾತ್ ರಕ್ತನಾಳಕ್ಕೆ ಸೇರಿದ್ರೆ ಫಿಟ್ಸ್ ಬರ್ಬಹುದು, ಹಾರ್ಟ್ ನಿಂತೇ ಹೋಗ್ಬಹುದು, ಹಾಗೆ ನಿಂತದ್ದನ್ನ ಮತ್ತೆ ಓಡಿಸೋದು ಬಹಳ ಕಷ್ಟ. 1998ರಲ್ಲಿ ಅಮೆರಿಕದ ಗೈ ವೈನ್‌ಬರ್ಗ್ ಮತ್ತು ಜೊತೆಗಾರರು ಇಲಿಗಳಲ್ಲಿ ತೋರಿಸಿದ್ರು, ಐಸಿಯುನಲ್ಲಿ ಊಟ ಮಾಡಕ್ಕಾಗದವ್ರಿಗೆ ಡ್ರಿಪ್‌ನಲ್ಲಿ ಕೊಡೋ ಹಾಲು ಬಣ್ಣದ ಕೊಬ್ಬಿನ ದ್ರಾವಣ ಇದೆಯಲ್ಲ, ಅದನ್ನ ಕೊಟ್ರೆ ಹಾರ್ಟು ಚೇತರಿಸ್ಕೊಳ್ಳುತ್ತೆ ಅಂತ. 2006ರಲ್ಲಿ ಮನುಷ್ಯನೊಬ್ಬ ಇದರಿಂದ ಬದುಕಿದ ವರದಿ ಬಂತು. ಈಗ ಬ್ಲಾಕ್ ಕೊಡೋ ಕಡೆ 20 ಪರ್ಸೆಂಟ್ ಲಿಪಿಡ್, ಅಂದ್ರೆ ಆ ಕೊಬ್ಬಿನ ದ್ರಾವಣದ ಬಾಟಲ್ ಕೈಗೆ ಸಿಗೋ ಹಾಗೆ ಇರ್ಬೇಕು ಅನ್ನೋದು ನಿಯಮ. 1995ರಲ್ಲಿ ಎಂಡಿ ಮುಗಿಸಿದವ್ರ ಪುಸ್ತಕದಲ್ಲಿ ಇದು ಇರ್ಲೇ ಇಲ್ಲ ನೋಡಿ, ಆಮೇಲೆ ಯಾರೋ ಹೇಳಿಕೊಟ್ಟಿದ್ರೆ ಮಾತ್ರ ಅವರಿಗೆ ಗೊತ್ತು.

ತೀರಾ ಇತ್ತೀಚಿನದು ಅಂದ್ರೆ ಶುಗರ್‌ಗೆ, ತೂಕ ಇಳಿಸೋಕೆ ವಾರಕ್ಕೊಂದು ಸಲ ಹಾಕ್ಕೊಳ್ಳೋ ಇಂಜೆಕ್ಷನ್‌ಗಳು. ಮೌಂಜಾರೊ, ವೆಗೋವಿ 2025ರಲ್ಲಿ ನಮ್ಮ ದೇಶಕ್ಕೂ ಬಂದವು. ಇವು ಹೊಟ್ಟೆ ಖಾಲಿ ಆಗೋದನ್ನ ನಿಧಾನ ಮಾಡ್ತವೆ, ಆದ್ರಿಂದ ರಾತ್ರಿಯಿಂದ ಉಪವಾಸ ಇದ್ದವ್ರ ಹೊಟ್ಟೇಲೂ ಅನ್ನ ಉಳಿದಿರ್ಬಹುದು, ಪ್ರಜ್ಞೆ ತಪ್ಪಿಸಿದಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದ್ರೆ ದೊಡ್ಡ ಅಪಾಯ. 2023ರಲ್ಲಿ ಅಮೆರಿಕದ ಅನಸ್ತೇಶಿಯಾ ಸಂಘ ಒಂದು ವಾರ ಮೊದಲೇ ನಿಲ್ಸಿ ಅಂತು, 2024ರಲ್ಲಿ ಹಲವು ಸಂಘಗಳು ಸೇರಿ, ಎಲ್ರಿಗೂ ನಿಲ್ಸೋದು ಬೇಡ, ಒಬ್ಬೊಬ್ರ ಅಪಾಯ ನೋಡಿ ತೀರ್ಮಾನ ಮಾಡಿ ಅಂದ್ವು. ಒಂದೇ ವರ್ಷದಲ್ಲಿ ಸಲಹೆ ಬದಲಾಯ್ತು! ನಿಮ್ಮ ಅತ್ತೆ ಇಂಥದ್ದು ಏನಾದ್ರೂ ತಗೊಳ್ತಿದ್ರೆ ಕೇಳೋವರ್ಗೂ ಕಾಯ್ಬೇಡಿ, ನೀವೇ ಹೇಳಿ.

ಹಾಗೇ ಉಪವಾಸದ ಬಗ್ಗೆನೂ ಕೇಳಿ. ಹಿಂದಿನ ರಾತ್ರಿಯಿಂದ ಒಂದು ಹನಿ ನೀರೂ ಇಲ್ಲ ಅನ್ನೋದು ಹಳೇ ಪದ್ಧತಿ. ಬೇರೆ ತೊಂದ್ರೆ ಇಲ್ಲದವ್ರು 2 ಗಂಟೆ ಮುಂಚಿನ ತನಕ ಬರೀ ನೀರು ಕುಡೀಬಹುದು. ಹಾಲು ಹಾಕಿದ ಕಾಫಿ, ಮಜ್ಜಿಗೆ ನೀರಿನ ಲೆಕ್ಕಕ್ಕೆ ಬರಲ್ಲ, ಅದಕ್ಕೆ 6 ಗಂಟೆ. ಎಪ್ಪತ್ತು ದಾಟಿದವ್ರನ್ನ ಬೇಸಿಗೇಲಿ ಗಂಟಲು ಒಣಗಿಸಿ ಮಲಗಿಸೋದು ನೋಡಿದ್ರೆ ನನಗೆ ಸಂಕಟ ಆಗುತ್ತೆ.

ಪ್ರಶ್ನೆ: ಸರ್, ನಾನು ಯಾದಗಿರಿ ಜಿಲ್ಲೆಯ ತಾಲ್ಲೂಕು ಆಸ್ಪತ್ರೇಲಿ ಅನಸ್ತೇಶಿಯಾ ನೋಡ್ಕೊಳ್ಳೋದು ಒಬ್ಳೇ. ನಾನು ಬಿಟ್ಟು ಹೋದ್ರೆ ಸಿಜೇರಿಯನ್ ಕೇಸ್‌ಗಳನ್ನ ಕಲಬುರಗಿಗೆ ಕಳಿಸ್ಬೇಕು. ಕ್ರೆಡಿಟ್ ಆನ್‌ಲೈನ್‌ನಲ್ಲೇ ಮುಗಿಸ್ತಿದೀನಿ, ಆದ್ರೆ ಕೈಗೆ ಏನೂ ಬಂದಂಗೆ ಅನಿಸ್ತಿಲ್ಲ. ಏನು ಮಾಡ್ಲಿ?
— ವೈದ್ಯೆ

ಉತ್ತರ: ಡಾಕ್ಟ್ರೇ, ನಿಮ್ಮಂಥವರಿಗೇ ಮೊದಲು ಟ್ರೈನಿಂಗ್ ಸಿಗ್ಬೇಕಿತ್ತು, ಆದ್ರೆ ಕಾನ್ಫರೆನ್ಸ್ ಎಲ್ಲ ದೊಡ್ಡ ಊರಲ್ಲಿ ನಡೀತವೆ, ಅಲ್ಲಿಗೆ ಬರೋರು ಪಕ್ಕದಲ್ಲಿ ನಾಲ್ಕು ಜನ ಸಹೋದ್ಯೋಗಿಗಳು ಇರೋರೇ. ಈ ವ್ಯವಸ್ಥೆ ತಿರುಗಬೇಕು. ಎಂಬಿಬಿಎಸ್ ಡಾಕ್ಟ್ರಿಗೆ ಕೆಲವು ತಿಂಗಳು ಕಲಿಸಿ ಹೆರಿಗೆ ತುರ್ತಿಗೆ ಅರಿವಳಿಕೆ ಕೊಡೋಕೆ ತಯಾರು ಮಾಡೋ ಸರ್ಕಾರಿ ತರಬೇತಿ ಇದೆ, ಒಳ್ಳೇ ಯೋಜನೆ. ಆದ್ರೆ ಕಲಿತು ಹೋದವ್ರನ್ನ ವರ್ಷಕ್ಕೊಮ್ಮೆ ವಾಪಸ್ ಕರೆದು ಕೈ ಪಳಗಿಸದೇ ಇದ್ರೆ ಆ ಕಲಿಕೆಯ ಬಲ ಎಷ್ಟು ದಿನ ಉಳಿಯುತ್ತೆ ಹೇಳಿ?

ನಿಮಗೆ ಸಿಗೋ ಎರಡು ಮೂರು ದಿನಾನ ಲೆಕ್ಚರ್‌ಗೆ ಕೊಡ್ಬೇಡಿ, ಏರ್‌ವೇ (ಉಸಿರಿನ ದಾರಿ) ವರ್ಕ್‌ಶಾಪ್‌ಗೆ ಕೊಡಿ. ಗಂಟಲಿಗೆ ಟ್ಯೂಬ್ ಹೋಗದೆ, ಮಾಸ್ಕ್‌ನಲ್ಲೂ ಗಾಳಿ ಹೋಗದೆ ಇರೋ ಹೊತ್ತಲ್ಲಿ ಏನು ಮಾಡ್ಬೇಕು ಅಂತ ಆಲ್ ಇಂಡಿಯಾ ಡಿಫಿಕಲ್ಟ್ ಏರ್‌ವೇ ಅಸೋಸಿಯೇಷನ್ 2016ರಲ್ಲಿ ನಮ್ಮ ಆಸ್ಪತ್ರೆಗಳಿಗೆ ಹೊಂದೋ ಹಾಗೆ ಮಾರ್ಗಸೂಚಿ ಬರೆದಿದೆ, ಇಂಡಿಯನ್ ಜರ್ನಲ್ ಆಫ್ ಅನಸ್ತೇಶಿಯಾದಲ್ಲಿದೆ, ಅದು ಯಾರು ಬೇಕಾದ್ರೂ ದುಡ್ಡಿಲ್ದೆ ಓದಬಹುದಾದ ಜರ್ನಲ್. ಟ್ಯೂಬ್‌ಗೆ ಮೂರಕ್ಕಿಂತ ಜಾಸ್ತಿ ಪ್ರಯತ್ನ ಬೇಡ, ಮೂಗಲ್ಲಿ ಆಕ್ಸಿಜನ್ ಬಿಡ್ತಾನೇ ಇರಿ, ಬೇಗ ಸಹಾಯಕ್ಕೆ ಕೂಗಿ, ಏನೂ ಆಗದಿದ್ರೆ ಕುತ್ತಿಗೆ ಮುಂದಿನಿಂದ ದಾರಿ ಮಾಡಿ. ಓದೋಕೆ ಸುಲಭ. ಮಾಡೋ ಹೊತ್ತಲ್ಲಿ ಮನಸ್ಸು ಬೇರೆ ಥರ ಆಡುತ್ತೆ. 2005ರಲ್ಲಿ ಇಂಗ್ಲೆಂಡಲ್ಲಿ ಇಲೇನ್ ಬ್ರೋಮಿಲಿ ಅನ್ನೋ ಹೆಣ್ಣುಮಗಳು ಸಣ್ಣ ಸೈನಸ್ ಆಪರೇಷನ್‌ಗೆ ಬಂದು ತೀರ್ಕೊಂಡ್ರು. ಅಲ್ಲಿದ್ದವ್ರು ಅನುಭವಿ ಡಾಕ್ಟ್ರುಗಳೇ, ಆದ್ರೆ ಟ್ಯೂಬ್ ಹಾಕೋದ್ರಲ್ಲೇ ಮುಳುಗಿ ಹೊತ್ತು ಹೋಗಿದ್ದು ತಿಳೀಲಿಲ್ಲ, ನರ್ಸ್ ಕುತ್ತಿಗೆ ತೆರೆಯೋ ಸೆಟ್ ತಂದಿದ್ರೂ ಯಾರೂ ಕೈಗೆ ತಗೊಳ್ಲಿಲ್ಲ. ಪೈಲಟ್ ಆಗಿದ್ದ ಅವರ ಗಂಡ ಮಾರ್ಟಿನ್ ಯಾರನ್ನೂ ಶಿಕ್ಷಿಸಿ ಅನ್ನದೆ, ಇದರಿಂದ ಡಾಕ್ಟ್ರುಗಳು ಕಲೀಲಿ ಅಂತ ನಿಂತ್ರು. ಇವತ್ತಿಗೂ ಎಲ್ಲ ಕಡೆ ಆ ಕೇಸ್ ಹೇಳಿಕೊಡ್ತಾರೆ.

ಅದಕ್ಕೇ ಹೇಳೋದು, ಕಲಿಕೆ ನಿಮಗೊಬ್ರಿಗೇ ಬೇಡ, ನಿಮ್ಮ ಓಟಿ ಸಿಸ್ಟರ್‌ಗೂ ವಾರ್ಡ್ ಬಾಯ್‌ಗೂ ಬೇಕು. ಮಟನ್ ಅಂಗಡಿಯಿಂದ ಕುರಿ ಶ್ವಾಸನಾಳ ತರಿಸಿ, ವರ್ಕ್‌ಶಾಪ್‌ಗಳಲ್ಲಿ ನಾವು ಮಾಡೋದೂ ಅದನ್ನೇ, ಬ್ಲೇಡು, ಬೂಜಿ (ಟ್ಯೂಬ್‌ಗೆ ದಾರಿ ತೋರಿಸೋ ತೆಳು ಕಡ್ಡಿ), 6 ನಂಬರ್ ಟ್ಯೂಬ್ ಇಟ್ಕೊಂಡು ಕುತ್ತಿಗೆ ತೆರೆಯೋ ಅಭ್ಯಾಸ ಎಲ್ಲರ ಎದುರು ಮಾಡಿ. ಕೇಸ್ ಇಲ್ಲದ ಮಧ್ಯಾಹ್ನ ಸಾಕು. 'ಮೇಡಂ, ಮೂರು ಸಲ ಆಯ್ತು, ನಿಲ್ಸಿ' ಅಂತ ಹೇಳೋ ಧೈರ್ಯ ನಿಮ್ಮ ಸಿಸ್ಟರ್‌ಗೆ ಕೊಡಿ, ಅದಕ್ಕೆ ಯಾವ ಕ್ರೆಡಿಟ್ಟೂ ಸಿಗಲ್ಲ, ಆದ್ರೆ ಜೀವ ಉಳಿಸೋದು ಅದೇ.

ಪ್ರಶ್ನೆ: ನಮ್ಮಪ್ಪಗ ಬಾಯಿ ಕ್ಯಾನ್ಸರ್ ಐತ್ರಿ, ರಾತ್ರಿಯೆಲ್ಲಾ ನೋವಿಗೆ ನಿದ್ದಿ ಇಲ್ಲ. ಒಬ್ರು ಡಾಕ್ಟರು ಮಾರ್ಫಿನ್ ಬೇಕಾಕ್ಕೈತಿ ಅಂದ್ರು, ಇನ್ನೊಬ್ರು ಅದು ಚಟ ಹತ್ತತೈತಿ ಬ್ಯಾಡ ಅಂದ್ರು. ಊರಾಗ ಯಾವ ಮೆಡಿಕಲ್ ಶಾಪ್‌ನ್ಯಾಗೂ ಸಿಗವಲ್ದು. ಏನ್ ಮಾಡಬೇಕ್ರಿ?
— ಓದುಗರು, ಗದಗ ಜಿಲ್ಲೆ

ಉತ್ತರ: ನಿಮ್ಮಪ್ಪನಿಗೆ ನೋವಿಲ್ಲದೆ ಮಲಗೋ ಹಕ್ಕಿದೆ, ಇದನ್ನ ಮೊದಲು ಮನಸ್ಸಲ್ಲಿ ಗಟ್ಟಿ ಮಾಡ್ಕೊಳ್ಳಿ. ಕ್ಯಾನ್ಸರ್ ನೋವಿಗೆ ಪ್ಯಾರಾಸಿಟಮಾಲ್‌ನಂಥ ಮಾತ್ರೆಯಿಂದ ಶುರು ಮಾಡಿ, ಸಾಲದಿದ್ರೆ ಮೇಲಿನದು, ಅದೂ ಸಾಲದಿದ್ರೆ ಮಾರ್ಫಿನ್ ಅಂತ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ. ಬಲ್ಲವರು ನೋವಿಗೆ ತಕ್ಕಷ್ಟೇ, ಗಡಿಯಾರ ನೋಡಿ ಹೊತ್ತಿಗೆ ಸರಿಯಾಗಿ ಬಾಯಲ್ಲಿ ಕೊಡೋ ಮಾರ್ಫಿನ್‌ನಿಂದ ಕ್ಯಾನ್ಸರ್ ರೋಗಿಗೆ ಚಟ ಹತ್ತೋದು ಬಹಳ ಅಪರೂಪ. ಮಲಬದ್ಧತೆ ಮಾತ್ರ ಆಗೇ ಆಗುತ್ತೆ, ಅದಕ್ಕೆ ಮೊದಲ ದಿನದಿಂದ್ಲೇ ಔಷಧಿ ಬರೆಸ್ಕೊಳ್ಳಿ. ಡೋಸ್ ನೀವಾಗೇ ಏರಿಸೋದು ಇಳಿಸೋದು ಬೇಡ.

ಆ ಎರಡನೇ ಡಾಕ್ಟ್ರು ಯಾಕೆ ಹೆದರಿದ್ರು ಅನ್ನೋದಕ್ಕೂ ಕಾರಣ ಇದೆ. 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆ ಬಂದ್ಮೇಲೆ ಲೈಸೆನ್ಸ್ ತಾಪತ್ರಯಕ್ಕೆ ಹೆದರಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡೋದನ್ನೇ ಬಿಟ್ವು, ಆ ಮಾತ್ರೆ ಕಣ್ಣಲ್ಲೂ ನೋಡದೆ ಡಿಗ್ರಿ ಪಡೆದ ಡಾಕ್ಟ್ರುಗಳು ತುಂಬಾ ಜನ. ಕೇರಳದ ಡಾ. ಎಂ.ಆರ್. ರಾಜಗೋಪಾಲ್, ಅವ್ರೂ ಮೂಲತಃ ಅನಸ್ತೇಶಿಯಾ ಡಾಕ್ಟ್ರೇ, ಮತ್ತು ಜೊತೆಗಾರರು ವರ್ಷಗಟ್ಟಲೆ ಪಟ್ಟುಹಿಡಿದು ಕೆಲಸ ಮಾಡಿದ್ದರಿಂದ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಈಗ ಮಾನ್ಯತೆ ಪಡೆದ ಆಸ್ಪತ್ರೆ ಮಾರ್ಫಿನ್ ಇಟ್ಕೊಂಡು ಕೊಡ್ಬಹುದು. ಕಾನೂನು ಸಡಿಲ ಆಯ್ತು, ಡಾಕ್ಟ್ರ ಮನಸ್ಸಲ್ಲಿರೋ ಭಯ ಹೋಗ್ಬೇಕಾದ್ರೆ ಕಲಿಸ್ಬೇಕು, ಅದಕ್ಕೇ ಪ್ರತಿ ಸಿಎಂಇನಲ್ಲೂ ನೋವಿನ ಬಗ್ಗೆ ಒಂದು ಪಾಠ ಇರ್ಲೇಬೇಕು ಅನ್ನೋದು ನನ್ನ ಹಠ.

ನೀವೀಗ ಮಾಡ್ಬೇಕಾದ್ದು: ಅಪ್ಪನ ರಿಪೋರ್ಟ್ ಎಲ್ಲ ತಗೊಂಡು ಹುಬ್ಬಳ್ಳಿ ಕಡೆ ಕ್ಯಾನ್ಸರ್ ನೋಡೋ ದೊಡ್ಡ ಆಸ್ಪತ್ರೇಲಿ 'ಪ್ಯಾಲಿಯೇಟಿವ್ ಕೇರ್ (ನೋವು, ಸಂಕಟ ತಗ್ಗಿಸೋ ಆರೈಕೆ) ಇದೆಯಾ, ಮಾರ್ಫಿನ್ ಮಾತ್ರೆ ಸಿಗುತ್ತಾ' ಅಂತ ನೇರವಾಗೇ ಕೇಳಿ. ಬೆಂಗಳೂರಿಗೆ ಬರೋ ಹಾಗಿದ್ರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ಗುಣ ಆಗೋ ಹಂತ ದಾಟಿದವ್ರನ್ನ ದುಡ್ಡು ತಗೊಳ್ದೆ ನೋಡ್ಕೊಳ್ಳೋ ಕರುಣಾಶ್ರಯ ಇದೆ.

ಪ್ರಶ್ನೆ: ಸಿಜೇರಿಯನ್‌ಗೆ ಬೆನ್ನಿಗೆ ಸೂಜಿ ಚುಚ್ಚಿದ್ರಿಂದ ಜೀವನ ಪೂರ್ತಿ ಸೊಂಟ ನೋವು ಬರುತ್ತೆ ಅಂತ ಎಲ್ರೂ ಹೆದರಿಸ್ತಾರೆ, ನಿಜಾನಾ?
— ಓದುಗರು, ತುಮಕೂರು

ಉತ್ತರ: ಇಲ್ಲಮ್ಮ. ಚುಚ್ಚಿದ ಜಾಗ ಕೆಲವು ದಿನ ನೋಯ್ಬಹುದು ಅಷ್ಟೇ. ಸೊಂಟ ನೋವು ಬಸುರಿನ ಭಾರದಿಂದ, ಆಮೇಲೆ ಬಗ್ಗಿ ಮಗು ಎತ್ತೋದ್ರಿಂದ, ಬಾಗಿ ಕೂತು ಹಾಲು ಕುಡಿಸೋದ್ರಿಂದ ಬರೋದು. ನಾರ್ಮಲ್ ಹೆರಿಗೆ ಆದವ್ರಿಗೂ ಬರುತ್ತೆ. ಸೂಜಿಯಿಂದ ಬರೋದು ತಲೆನೋವು, ಅದೂ ಎದ್ದು ಕೂತ್ರೆ ಜಾಸ್ತಿ, ಮಲಗಿದ್ರೆ ಕಡಿಮೆ ಅನ್ನೋ ಥರದ್ದು. ತೆಳು ಸೂಜಿ, ಪೆನ್ಸಿಲ್ ಮೊನೆ ಆಕಾರದ ಸೂಜಿ ಬಂದ್ಮೇಲೆ ಅದು ಬಹಳ ಕಡಿಮೆ ಆಗಿದೆ. ಮನೆಗೆ ಹೋದ್ಮೇಲೆ ಹಾಗೆ ಆದ್ರೆ ಅಂಗಡಿ ಮಾತ್ರೆ ನುಂಗ್ತಾ ಕೂರಬೇಡಿ, ಅದಕ್ಕೆ ಚಿಕಿತ್ಸೆ ಇದೆ. ಜೊತೆಗೆ ಜ್ವರ ಬಂದ್ರೆ, ಕುತ್ತಿಗೆ ಬಿಗಿದ್ರೆ, ಕಾಲು ಸೋತಂಗಾದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ. ಡಿಸ್ಚಾರ್ಜ್ ಆಗೋ ದಿನ ಸರ್ಜನ್ ಹೆಸರಿನ ಜೊತೆ ಅನಸ್ತೇಶಿಯಾ ಕೊಟ್ಟವ್ರ ಹೆಸರನ್ನೂ ಚೀಟಿ ಮೇಲೆ ಬರೆಸ್ಕೊಳ್ಳಿ.