ಎಕರೆ, ಫರ್ಲಾಂಗು, ಗುಂಟೆ: ಈ ಲೆಕ್ಕ ಎಲ್ಲಿಂದ ಬಂತು?

ಎಕರೆ ಇಂಗ್ಲಿಷ್ ಪದನಾ, 43,560 ಚದರ ಅಡಿ ಅನ್ನೋ ವಿಚಿತ್ರ ಲೆಕ್ಕ ಯಾಕೆ, ಸುಮ್ನೆ 40,000 ಅಂತ ಇಟ್ಟಿದ್ದರೆ ಆಗ್ತಿರಲಿಲ್ವಾ ಅಂತ ಕೇಳಿದ್ದೀರಿ.

ಪದ ಇಂಗ್ಲಿಷಿನದೇ. ಆದರೆ ಮೊದಲು ಅದು ಅಳತೆಯೇ ಅಲ್ಲ, ಬರೀ ಹೊಲ ಅಂತ ಅರ್ಥ. ಲ್ಯಾಟಿನ್ನಿನ ಅಗರ್, ಸಂಸ್ಕೃತದ ಅಜ್ರ ಎಲ್ಲ ಇದರ ನೆಂಟರೇ. ಅಗ್ರಿಕಲ್ಚರ್ ಅನ್ನೋದರಲ್ಲಿ ಇರೋದೂ ಅದೇ ಅಗರ್.

ಆಮೇಲೆ ಎತ್ತು ಕಟ್ಟಿ ಒಂದು ದಿನಕ್ಕೆ ಉಳುವಷ್ಟು ನೆಲಕ್ಕೆ ಎಕರೆ ಅನ್ನತೊಡಗಿದರು. ಇಂಗ್ಲೆಂಡಿನ ಆಗಿನ ಹೊಲ ಚೌಕ ಅಲ್ಲ, ಉದ್ದನೆಯ ಪಟ್ಟಿ. ಕಾರಣ ನೇಗಿಲು ಹಿಡಿದವರಿಗೆ ಹೇಳಬೇಕಿಲ್ಲ: ಬದುವಿನ ಹತ್ತಿರ ಎತ್ತು ತಿರುಗಿಸೋದೇ ತಲೆನೋವು, ಅದರಲ್ಲೂ ಅವರ ಭಾರದ ನೇಗಿಲಿಗೆ ಎರಡು ಮೂರು ಜೋಡಿ ಕಟ್ಟಿದ್ದರಂತೂ ಕೇಳಲೇಬೇಡಿ, ಹಾಗಾಗಿ ಸಾಲು ಉದ್ದ ಇದ್ದಷ್ಟೂ ತಿರುಗಿಸೋ ಕೆಲಸ ಕಮ್ಮಿ. ಆ ಸಾಲಿನ ಉದ್ದವೇ ಫರ್ಲಾಂಗು. ಫರೋ ಅಂದರೆ ನೇಗಿಲ ಸಾಲು, ಲಾಂಗ್ ಅಂದರೆ ಉದ್ದ. ಅಜ್ಜಂದಿರು "ಇಲ್ಲೇ ಎರಡು ಫರ್ಲಾಂಗು" ಅಂತಿದ್ದರಲ್ಲ, ಅದೇ. ಅದು 220 ಗಜ. ಪಟ್ಟಿಯ ಅಗಲ 22 ಗಜ, ಕ್ರಿಕೆಟ್ ಪಿಚ್ಚಿನ ಉದ್ದದಷ್ಟು. ಗುಣಿಸಿ ನೋಡಿ, 4,840 ಚದರ ಗಜ, ಅಂದರೆ ನಿಮ್ಮ 43,560 ಚದರ ಅಡಿ.

ಈ 22 ಗಜಕ್ಕೆ, ಅಂದರೆ 66 ಅಡಿಗೆ, 1620ರಲ್ಲಿ ಎಡ್ಮಂಡ್ ಗಂಟರ್ ಅನ್ನೋ ಇಂಗ್ಲಿಷ್ ಗಣಿತಜ್ಞ 100 ಕೊಂಡಿಯ ಸರಪಳಿ ಮಾಡಿದ. ನಮ್ಮ ಕಡೆ ಸರ್ವೆಯವರು ಎಳೆದದ್ದು ಅದರರ್ಧ, 33 ಅಡಿಯದು. 33 ಅಡಿ ಉದ್ದ, 33 ಅಡಿ ಅಗಲ ಆದರೆ 1,089 ಚದರ ಅಡಿ, ಒಂದು ಗುಂಟೆ. ಅಂಥ 40 ಸೇರಿದರೆ ಎಕರೆ.

ಇದಕ್ಕಿಂತ ಮುಖ್ಯವಾದದ್ದು ಪಹಣಿ. ಗುಂಟೆ ಲೆಕ್ಕದ ಕಡೆ 1.20 ಅಂತ ಇದ್ದರೆ ಒಂದು ಎಕರೆ 20 ಗುಂಟೆ, ಅಂದರೆ ಒಂದೂವರೆ ಎಕರೆ. ಮಂಗಳೂರು, ಉಡುಪಿ ಕಡೆ ಸೆಂಟ್ಸ್ ಲೆಕ್ಕ, 100 ಸೆಂಟ್ಸಿಗೆ ಒಂದು ಎಕರೆ. ಅಲ್ಲಿ ಅದೇ 1.20 ಅಂದರೆ 52,272 ಚದರ ಅಡಿ, ಗುಂಟೆ ಲೆಕ್ಕದಲ್ಲಿ 65,340. ಫರಕು 12 ಗುಂಟೆ! ಉಡುಪಿ ಹತ್ತಿರ ತೋಟ ನೋಡ್ತಿದ್ದೀನಿ ಅಂತಲೂ ಬರೆದಿದ್ದೀರಿ, ಅಡ್ವಾನ್ಸ್ ಕೊಡೋ ಮುಂಚೆ ಚುಕ್ಕಿ ಆದಮೇಲೆ ಇರೋದು ಸೆಂಟ್ಸಾ ಗುಂಟೆನಾ ಕೇಳಿಕೊಳ್ಳಿ.