ಮುಧೋಳ ನಾಯಿ ಮರಿ ತರಬೇಕು ಅಂತಿದ್ದೇನೆ, ಇನ್ನೂ ತಂದಿಲ್ಲ. ಬ್ರಿಟನ್ನಿನ ಲೇಖಕ ಬ್ರಯಾನ್ ಪ್ಲಮ್ಮರ್ ಅವರ ಬೇಟೆ ಪುಸ್ತಕಗಳನ್ನು ನಂಬಿ ಅದಕ್ಕೆ ಮೊಲದ ಬೇಟೆ ಕಲಿಸಬಹುದೇ? ಅವರು ಸುಳ್ಳುಗಾರ ಅಂತಾರಲ್ಲ?

ಪ್ಲಮ್ಮರ್ ನಿಜ ಬರೆದರಾ, ಸುಳ್ಳು ಬರೆದರಾ ಅಂತ ನಾನೂ ಬಹಳ ಕಾಲ ತಲೆ ಕೆಡಿಸಿಕೊಂಡಿದ್ದೆ. ಆ ಜಗಳದಿಂದ ಯಾರ ನಾಯಿಯೂ ಉಳಿಯುವುದಿಲ್ಲ, ಸಾಯುವುದೂ ಇಲ್ಲ. ನನ್ನ ನಾಯಿ ಸತ್ತಿದ್ದು ಬೇರೆ ಕಾರಣಕ್ಕೆ. ಅದನ್ನೇ ಮೊದಲು ಹೇಳುತ್ತೇನೆ.

ನಮ್ಮದು ತೀರ್ಥಹಳ್ಳಿ ಕಡೆ. ಅಜ್ಜನ ಕಾಲದಲ್ಲಿ ಮನೆ ತುಂಬ ಶಿಕಾರಿ ನಾಯಿಗಳು. ನನಗೆ ಬುದ್ಧಿ ಬರುವ ಹೊತ್ತಿಗೆ ಕಥೆ ಮಾತ್ರ ಉಳಿದಿತ್ತು. ಕೆಲಸದ ಮೇಲೆ ಇಂಗ್ಲೆಂಡಿಗೆ ಬಂದು ಶ್ರಾಪ್‌ಶೈರ್‌ನ ಒಂದು ಹಳ್ಳಿಯ ಹತ್ತಿರ ಮನೆ ಮಾಡಿದೆ. ಅಲ್ಲಿನ ಹಳೇ ಪುಸ್ತಕದಂಗಡಿಯಲ್ಲಿ ಪ್ಲಮ್ಮರ್ ಅವರ ‘ಟೇಲ್ಸ್ ಆಫ್ ಎ ರ‍್ಯಾಟ್-ಹಂಟಿಂಗ್ ಮ್ಯಾನ್’ ಸಿಕ್ಕಿತು. 1978ರ ಪುಸ್ತಕ. ಓದುತ್ತಾ ಓದುತ್ತಾ ಅಜ್ಜನ ಜಗಲಿಯಲ್ಲೇ ಕೂತಂತಾಯಿತು.

ಪ್ಲಮ್ಮರ್ ಶಾಲಾ ಮೇಷ್ಟ್ರಾಗಿದ್ದವರು. ಬಿಡುವು ಸಿಕ್ಕರೆ ಬಿಲದ ಪ್ರಾಣಿ ಹಿಡಿಯುವ ಪುಟ್ಟ ಬೇಟೆನಾಯಿಗಳಾದ ಟೆರಿಯರ್‌ಗಳ ಗುಂಪು ಕಟ್ಟಿಕೊಂಡು ಇಲಿ ಬೇಟೆಗೆ ಹೊರಡುತ್ತಿದ್ದರು. ಜ್ಯಾಕ್ ರಸೆಲ್‌ ಎಂಬ ಟೆರಿಯರ್ ತಳಿಗೆ ಬೀಗಲ್, ಫೆಲ್ ಟೆರಿಯರ್, ಬುಲ್ ಟೆರಿಯರ್ ಬೆರೆಸಿ ಅವರು ಬೆಳೆಸಿದ ತಳಿಗೆ ಈಗ ಪ್ಲಮ್ಮರ್ ಟೆರಿಯರ್ ಎಂದೇ ಹೆಸರು. ಲರ್ಚರ್ ಬಗ್ಗೆಯೂ ಬರೆದರು. ಗ್ರೇಹೌಂಡಿನಂಥ ಓಟದ ನಾಯಿಗೆ ಕುರಿ ಕಾಯುವ ನಾಯಿಯನ್ನೋ ಟೆರಿಯರನ್ನೋ ಬೆರೆಸಿದರೆ ಹುಟ್ಟುವ ನಾಯಿ ಅದು. ಕದ್ದು ಬೇಟೆಯಾಡುವವರು, ನಾಯಿ ವ್ಯಾಪಾರದ ಠಕ್ಕರು, ಎಲ್ಲರೂ ಅವರ ಪುಸ್ತಕಗಳಲ್ಲಿ ಬಣ್ಣಬಣ್ಣವಾಗಿ ಬರುತ್ತಾರೆ. ಇಂಥವರನ್ನು ಹೀರೋ ಮಾಡಿದರು, ಕಥೆ ಉಬ್ಬಿಸಿದರು ಎನ್ನುವ ಸಿಟ್ಟು ಬೇಟೆಗಾರರಲ್ಲೇ ಇದೆ. 2003ರಲ್ಲಿ ಅವರು ತೀರಿಕೊಂಡರು, ಜಗಳ ಮಾತ್ರ ತೀರಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಹೌದು, ಉಬ್ಬಿಸಿದ್ದಾರೆ. ಕಥೆ ಹೇಳುವ ಮೇಷ್ಟ್ರು ಅಷ್ಟೂ ಮಾಡದೆ ಇರುತ್ತಾರಾ? ಆದರೆ ನಾಯಿಯನ್ನು ನೋಡುವ ಕಣ್ಣು ಅವರಿಗೆ ನಿಜವಾಗಿಯೂ ಇತ್ತು. ಬಿಲದ ಮುಂದೆ ಒಂದು ಟೆರಿಯರ್ ಉಸಿರು ಬಿಗಿಹಿಡಿದು ನಿಲ್ಲುವ ರೀತಿ, ಒಂದೇ ಗುಂಪಿನಲ್ಲಿ ಒಂದೊಂದು ನಾಯಿಗೂ ಇರುವ ಬೇರೆ ಬೇರೆ ಸ್ವಭಾವ, ಇವನ್ನೆಲ್ಲ ನೋಡದೆ ಬರೆಯುವುದಕ್ಕೆ ಆಗುವುದಿಲ್ಲ.

ಆ ಪುಸ್ತಕದ ಗುಂಗಿನಲ್ಲೇ ನಾನು ಒಂದು ಹೆಣ್ಣು ಟೆರಿಯರ್ ಮರಿ ತಂದೆ. ಚಿನ್ನಿ ಅಂತ ಹೆಸರಿಟ್ಟೆ. ಚುರುಕು ಅಂದರೆ ಚುರುಕು. ಪಕ್ಕದ ಕೋಳಿ ಫಾರಂನ ಯಜಮಾನರು ವಯಸ್ಸಾದವರು, ಒಳ್ಳೆಯವರು. ಇಲಿ ಕಾಟ ತಡೆಯಲಾರದೆ ಅವರೇ ಕರೆದರು. ಇಲ್ಲಿ 2004ರ ಕಾನೂನು ನಾಯಿ ಬಿಟ್ಟು ಕಾಡುಪ್ರಾಣಿ ಬೇಟೆಯಾಡುವುದನ್ನು ನಿಲ್ಲಿಸಿದೆ. 2005ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಆದರೆ ಜಮೀನಿನವರ ಒಪ್ಪಿಗೆ ಇದ್ದರೆ ಇಲಿ ಮತ್ತು ರ‍್ಯಾಬಿಟ್ (ಇಲ್ಲಿನ ಬಿಲ ತೋಡುವ ಮೊಲ) ಹಿಡಿಯಬಹುದು. ಹೀಗಾಗಿ ತಪ್ಪೇನೂ ಇರಲಿಲ್ಲ. ಚಳಿಗಾಲದ ಶನಿವಾರಗಳಲ್ಲಿ ಹೋಗುತ್ತಿದ್ದೆವು. ಅವರು ಬಿಲಕ್ಕೆ ಹೊಗೆ ಬಿಡುತ್ತಿದ್ದರು, ಚಿನ್ನಿ ಬಿಲದ ಬಾಯಲ್ಲಿ ಕಾಯುತ್ತಿದ್ದಳು. ಇಲಿ ಹೊರಗೆ ಬಂದರೆ ಕುತ್ತಿಗೆ ಹಿಡಿದು ಒಂದು ಸಲ ಝಾಡಿಸಿದರೆ ಮುಗಿಯಿತು. ವಿಷ ಹಾಕಿ ದಿನಗಟ್ಟಲೆ ನರಳಿಸಿ ಕೊಲ್ಲುವುದಕ್ಕಿಂತ ಅದು ಎಷ್ಟೋ ಮೇಲು ಅಂತ ನಾನು ಈಗಲೂ ನಂಬುತ್ತೇನೆ.

ಈಗ ತಪ್ಪಿನ ವಿಷಯ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ದಯವಿಟ್ಟು ಓದಿ.

ಮರಿಯಾಗಿದ್ದಾಗ ಚಿನ್ನಿಗೆ ಎಲ್ಲ ಇಂಜೆಕ್ಷನ್ ಹಾಕಿಸಿದ್ದೆ. ಮರುವರ್ಷದ ಬೂಸ್ಟರ್ ಕೂಡ ಹಾಕಿಸಿದೆ. ಆಮೇಲೆ ನಾಯಿ ಸಾಕಿದ ಪರಿಚಯದವರೊಬ್ಬರು, “ಇನ್ನು ಮೂರು ವರ್ಷ ಚಿಂತೆ ಇಲ್ಲ, ಸುಮ್ನೆ ದುಡ್ಡು ದಂಡ” ಅಂದರು. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್ ಈ ಕಾಯಿಲೆಗಳ ಬೂಸ್ಟರ್ ಇಲ್ಲಿ ಮೂರು ವರ್ಷಕ್ಕೊಮ್ಮೆ ಹಾಕುತ್ತಾರೆ. ಆದರೆ ಲೆಪ್ಟೊಸ್ಪೈರೋಸಿಸ್ ಲಸಿಕೆ ಹಾಗಲ್ಲ. ಅದರ ಬಲ ಹೆಚ್ಚು ಕಾಲ ಉಳಿಯುವುದಿಲ್ಲ, ಪ್ರತಿ ವರ್ಷ ಹಾಕಿಸಲೇಬೇಕು. ಬಹಳ ತಡವಾದರೆ ಮತ್ತೆ ಮೊದಲಿನಿಂದ ಎರಡು ಡೋಸ್. ಕಾರ್ಡ್ ಒಂದೇ, ಸಾಲು ಬೇರೆ ಬೇರೆ. ನಾನು ನೋಡಿದ್ದು ಮೇಲಿನ ಸಾಲನ್ನು ಮಾತ್ರ.

ಲೆಪ್ಟೊ ಅಂದರೆ ನಮ್ಮ ಇಲಿ ಜ್ವರ. ನಾನು ಶಿವಮೊಗ್ಗ ಜಿಲ್ಲೆಯವನು. ಮಳೆಗಾಲ ಬಂತೆಂದರೆ ಗದ್ದೆ ಕೆಲಸದವರಿಗೆ ಇಲಿ ಜ್ವರ ಬಂತಂತೆ ಅನ್ನುವ ಸುದ್ದಿ ಕೇಳಿಯೇ ಬೆಳೆದವನು. ಇಲಿಯ ಮೂತ್ರದಲ್ಲಿ ಆ ಬ್ಯಾಕ್ಟೀರಿಯಾ ಹೊರಬರುತ್ತದೆ, ಒದ್ದೆ ಮಣ್ಣಲ್ಲಿ, ನಿಂತ ನೀರಲ್ಲಿ ವಾರಗಟ್ಟಲೆ ಬದುಕುತ್ತದೆ, ಗಾಯದಿಂದಲೋ ಬಾಯಿಯಿಂದಲೋ ಮೈ ಸೇರುತ್ತದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಅದು ನಮ್ಮೂರಿನ ಕಾಯಿಲೆ ಅಂದುಕೊಂಡಿದ್ದೆ. ಇಂಗ್ಲೆಂಡಿನ ಚಳಿಯಲ್ಲಿ ಎಲ್ಲಿಂದ ಬರುತ್ತದೆ ಅನ್ನುವ ಭಾವನೆ. ಬೇಟೆ ಪುಸ್ತಕಗಳಲ್ಲಿ ಕಾಯಿಲೆ, ಔಷಧಿ, ಗೂಡು ತೊಳೆಯುವ ಮಾತು ಬಂದರೆ ಹಾಳೆ ಮಗುಚುತ್ತಿದ್ದೆ. ಬೇಟೆ ಯಾವಾಗ ಶುರುವಾಗುತ್ತದೆ ಅಂತ ಹುಡುಕುತ್ತಿದ್ದೆ. ಇದೇ ನನ್ನ ತಪ್ಪು.

ಒಂದು ಶನಿವಾರ ಚಿನ್ನಿಯ ಮೂತಿಗೆ ಇಲಿ ಕಚ್ಚಿತು. ಸಣ್ಣ ಗಾಯ, ತೊಳೆದೆ, ಮರೆತೆ. ಮುಂದಿನ ವಾರ ಊಟ ಬಿಟ್ಟಳು. ವಾಂತಿ ಮಾಡಿದಳು. ಏನೋ ತಿಂದಿರಬೇಕು ಅಂತ ಒಂದು ದಿನ ಕಾದೆ. ಮರುದಿನ ತುಟಿ ಎತ್ತಿ ನೋಡಿದರೆ ಒಸಡು ಅರಿಶಿನ ಬಳಿದ ಹಾಗಿತ್ತು. ಡಾಕ್ಟರ್ ಕಾರ್ಡ್ ನೋಡಿ, “ಲೆಪ್ಟೊ ಯಾವಾಗ ಹಾಕಿಸಿದ್ದು?” ಅಂತ ಮಾತ್ರ ಕೇಳಿದರು. ಡ್ರಿಪ್ ಹಾಕಿದರು, ಆ್ಯಂಟಿಬಯಾಟಿಕ್ ಕೊಟ್ಟರು. ಅಷ್ಟು ಹೊತ್ತಿಗೆ ಕಿಡ್ನಿ ಕೈಕೊಟ್ಟಿತ್ತು. ಚಿನ್ನಿ ಉಳಿಯಲಿಲ್ಲ. ಮೂತ್ರ ಒರೆಸಿದ್ದು ನಾನೇ ಆದ್ದರಿಂದ ನನಗೂ ರಕ್ತ ಪರೀಕ್ಷೆ ಆಯಿತು. ಇದು ಮನುಷ್ಯರಿಗೂ ಅಂಟುವ ಕಾಯಿಲೆ.

ಇಷ್ಟಾದ ಮೇಲೆ ಪ್ಲಮ್ಮರ್ ಎಷ್ಟು ಇಲಿ ಹಿಡಿದರು, ಹೇಳಿದ ಲೆಕ್ಕ ನಿಜವಾ ಅನ್ನುವ ವಾದಕ್ಕೆ ನಾನು ಹೋಗುವುದೇ ಇಲ್ಲ. ಅವರನ್ನು ಕಥೆಗಾರ ಅಂತ ಓದಿ. ಖುಷಿಯಿಂದ ಓದಿ. ನಾಯಿ ಸಾಕುವುದನ್ನು ಮಾತ್ರ ಪಶುವೈದ್ಯರಿಂದ, ದಿನಾ ನಾಯಿ ಜೊತೆ ಕೆಲಸ ಮಾಡುವವರಿಂದ ಕಲಿಯಿರಿ.

ಇನ್ನು ನಿಮ್ಮ ಮೊಲದ ವಿಷಯ. ಕಲಿಸಬೇಡಿ. ಪ್ಲಮ್ಮರ್ ಬರೆದಿದ್ದು ಅವರ ದೇಶದ, ಅವರ ಕಾಲದ ಕಥೆ. ಅದರಲ್ಲಿ ಎಷ್ಟೋ ಬೇಟೆ ಈಗ ಅಲ್ಲೇ ಅಪರಾಧ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಮೊಲ ಸಂರಕ್ಷಿತ ಪ್ರಾಣಿ. ಕೊಂದರೆ ಮಾತ್ರ ಬೇಟೆ ಅಂದುಕೊಳ್ಳಬೇಡಿ. ನಾಯಿ ಬಿಟ್ಟು ಅಟ್ಟಿಸುವುದೂ, ಅದಕ್ಕೆ ಪ್ರಯತ್ನ ಪಡುವುದೂ ಆ ಕಾಯ್ದೆಯಲ್ಲಿ ಬೇಟೆಯೇ. ಮೊಲ ತಪ್ಪಿಸಿಕೊಂಡರೂ ನೀವು ತಪ್ಪಿಸಿಕೊಳ್ಳುವುದಿಲ್ಲ. ನಮ್ಮಜ್ಜನೂ ಮಾಡುತ್ತಿದ್ದರು ಅನ್ನುವ ಮಾತು ಫಾರೆಸ್ಟ್‌ನವರ ಮುಂದೆ ನಡೆಯುವುದಿಲ್ಲ, ನಡೆಯಲೂಬಾರದು. ಕಾನೂನು ಬಿಡಿ, ಮುಧೋಳ ನಾಯಿ ಕಣ್ಣಿಗೆ ಕಂಡದ್ದರ ಬೆನ್ನು ಹತ್ತುವ ನಾಯಿ. ಮೊಲದ ಹಿಂದೆ ಓಡುವ ರುಚಿ ಹತ್ತಿಸಿದರೆ ನಾಳೆ ಕುರಿಗಾರರ ಮರಿಗಳ ಹಿಂದೆ ಓಡುತ್ತದೆ. ಆಗ ತಪ್ಪು ನಾಯಿಯದಲ್ಲ.

ಮರಿ ಇನ್ನೂ ತಂದಿಲ್ಲ ಅಂತ ಬರೆದಿದ್ದೀರಿ, ಒಳ್ಳೆಯದಾಯಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಮೊದಲು ಅಲ್ಲಿಗೆ ಹೋಗಿ ಬನ್ನಿ. ಈ ತಳಿಯ ಮರಿಗಳನ್ನು ಸೈನ್ಯದವರೂ ಮೀರತ್‌ಗೆ ಒಯ್ದು ತರಬೇತಿ ಕೊಟ್ಟಿದ್ದಾರೆ. ಅಂದರೆ ಬೇಟೆ ಬಿಟ್ಟು ಬೇರೆ ಕೆಲಸಕ್ಕೂ ಈ ನಾಯಿ ಬರುತ್ತದೆ ಅಂತಾಯಿತಲ್ವಾ? ಓಟ ಬೇಕೇ ಬೇಕು ಅದಕ್ಕೆ, ಕಟ್ಟಿಹಾಕಿ ಸಾಕುವ ನಾಯಿಯಲ್ಲ. ಸುತ್ತ ಬೇಲಿ ಇರುವ ಬಯಲಲ್ಲಿ ಉದ್ದ ಹಗ್ಗದ ತುದಿಗೆ ಚಿಂದಿ ಬಟ್ಟೆ ಕಟ್ಟಿ ಜೋರಾಗಿ ಎಳೆಸಿ. ಹಳೇ ಸೈಕಲ್ ಚಕ್ರವನ್ನು ರಾಟೆ ಮಾಡಿಕೊಂಡರೆ ಇನ್ನೂ ಚೆನ್ನ. ಅದರ ಹಿಂದೆ ಪ್ರಾಣ ಬಿಟ್ಟು ಓಡುತ್ತವೆ. ಆದರೆ ಅದಕ್ಕೂ ಮೊದಲು, ಓಡುವಾಗ ಕರೆದರೆ ತಿರುಗಿ ಬರುವುದನ್ನು ಕಲಿಸಿ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಬೇಜಾರಿನ ಕೆಲಸ, ಬಿಡಬೇಡಿ.

ಇಂಜೆಕ್ಷನ್ ಹಾಕಿಸುವಾಗ ಸೆವೆನ್ ಇನ್ ಒನ್, ನೈನ್ ಇನ್ ಒನ್ ಅಂತ, ಹಲವು ಕಾಯಿಲೆಗೆ ಒಟ್ಟಿಗೆ ಹಾಕುವ ಲಸಿಕೆಯ ಹೆಸರು ಹೇಳುತ್ತಾರೆ. ಅದರಲ್ಲಿ ಲೆಪ್ಟೊ ಇದೆಯಾ, ಮುಂದಿನದು ಯಾವ ತಾರೀಖಿಗೆ ಅಂತ ಬಾಯಿಬಿಟ್ಟು ಕೇಳಿ, ಕಾರ್ಡಿನಲ್ಲಿ ಬರೆಸಿಕೊಳ್ಳಿ. ಹೊಲ, ಗದ್ದೆ, ಗೋದಾಮು ಇರುವ ಕಡೆ ಸಾಕುವುದಾದರೆ ಒಂದು ವರ್ಷವೂ ತಪ್ಪಿಸಬೇಡಿ. ನಾಯಿ ಊಟ ಬಿಟ್ಟ ದಿನವೇ ತುಟಿ ಎತ್ತಿ ಒಸಡು ನೋಡಿ. ಹಳದಿ ಇಲ್ಲದಿದ್ದರೂ ಅದೇ ದಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.